ದಖ್ಖನಿನ ತೇವ ಮತ್ತು ಕ್ಯಾಮೆರಾದ ಮುನಿಸು

ಸೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿಯ ಶಿವಾಲಯದ ಮಗ್ಗುಲಲ್ಲಿ ಕನ್ನಡ ಶಾಸನದ ಕಲ್ಲೊಂದು ಗೋಡೆಗೆ ಒರಗಿ ನಿಂತಿತ್ತು. ಮೇಲ್ಭಾಗದಲ್ಲಿ ಲಿಂಗ, ಹಸು-ಕರು, ಸೂರ್ಯ-ಚಂದ್ರ. ಕೆಳಗೆ ಮಳೆಗಾಳಿಗೆ ಸವೆದ ಸಾಲುಗಳು. ಪುಣೆಯಿಂದ ಹಿಂದಿನ ರಾತ್ರಿಯೇ ಹೊರಟು, ಬೆಳಗಿನ ಓರೆಬಿಸಿಲು ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ನಾನು ಅಲ್ಲಿದ್ದೆ. ಶಾಸನದ ಚಿತ್ರ ತೆಗೆಯುವವರಿಗೆ ಆ ಅರ್ಧ ಗಂಟೆಯೇ ಮುಖ್ಯ. ಬೆಳಕು ಪಕ್ಕದಿಂದ ಬಂದರೆ ಅಕ್ಷರದ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ, ಸಾಲು ಓದಲು ಸಿಗುತ್ತದೆ. ಬಿಸಿಲು ನೆತ್ತಿಗೇರಿತೆಂದರೆ ಕಲ್ಲು ಬರೀ ಕಲ್ಲು. 2009ರ ಆ ಜುಲೈ ಮುಂಜಾನೆ ಮೋಡ ಸರಿದು ಬೆಳಕು ಬಿತ್ತು. ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಕ್ಯಾಮೆರಾದ ಹಿಂದಿನ ಪುಟ್ಟ ತೆರೆಯಲ್ಲಿ ಪ್ರತಿಯೊಂದೂ ಒಂದು ಕ್ಷಣ ಮೂಡಿ ಮರೆಯಾಗುತ್ತಿತ್ತು. ಕೊನೆಗೆ ತೆರೆ ಸ್ತಬ್ಧವಾಯಿತು. ಬ್ಯಾಟರಿ ತೆಗೆದು ಹಾಕಿ, ಮತ್ತೆ ಚಾಲೂ ಮಾಡಿ ನೋಡಿದರೆ ಕಾರ್ಡಿನಲ್ಲಿ ಒಂದು ಚಿತ್ರವೂ ಇರಲಿಲ್ಲ.

ದೀಪಾವಳಿ ಕಳೆದು ಮತ್ತೆ ಹೋದಾಗ ದೇವಸ್ಥಾನದ ಜೀರ್ಣೋದ್ಧಾರ ಮುಗಿದಿತ್ತು. ಊರವರು ಕಲ್ಲನ್ನು ಎಸೆದಿರಲಿಲ್ಲ. ದೇವರ ಸನ್ನಿಧಿಯ ಕಲ್ಲೆಂಬ ಭಕ್ತಿಯಿಂದ ಅದಕ್ಕೆ ದಪ್ಪನಾಗಿ ಎಣ್ಣೆಬಣ್ಣ ಬಳಿದು, ಕುಂಕುಮವಿಟ್ಟಿದ್ದರು. ಅಕ್ಷರಗಳು ಬಣ್ಣದಡಿಯಲ್ಲಿ ಮುಚ್ಚಿಹೋಗಿದ್ದವು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಹೆಗಲಿಗೆ ತೂಗುಹಾಕಿಕೊಂಡಿದ್ದ ಯಂತ್ರದ ಮೇಲೆ. ಅದೇ ಕಂಪನಿಯ ರೀಲಿನ ಕ್ಯಾಮೆರಾವನ್ನು ಇಪ್ಪತ್ತು ವರ್ಷ ಬಳಸಿದ್ದೆ. ಆ ನಂಬಿಕೆಯಿಂದಲೇ 2007ರಲ್ಲಿ ಅದರ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಮಳೆಗಾಲ ಬಂತೆಂದರೆ ಅದು ಮುನಿಸಿಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಏನೂ ಆಗದಂತೆ ನಡೆಯುತ್ತಿತ್ತು.

ಈ ಮುನಿಸು ನನ್ನೊಬ್ಬನ ಪಾಡೆಂದು ಬಹುಕಾಲ ತಿಳಿದಿದ್ದೆ. ಹಳೆಯ ಛಾಯಾಚಿತ್ರಗಳ ಚರಿತ್ರೆಯನ್ನು ಓದತೊಡಗಿದಾಗ ತಿಳಿದದ್ದು ಬೇರೆ. ಬೇರೆ ಹವೆಗೆಂದು ಮಾಡಿದ ಕ್ಯಾಮೆರಾಕ್ಕೂ ದಖ್ಖನಿನ ಬಿಸಿಲು-ತೇವಕ್ಕೂ ನಡುವಿನ ಜಗಳಕ್ಕೆ ನೂರೈವತ್ತು ವರ್ಷ ದಾಟಿದೆ. ಆದರೆ ಆ ಜಗಳದಲ್ಲಿ ಹಿಂದಿನವರ ಕೈಯಲ್ಲಿದ್ದ ಒಂದು ವಸ್ತು ನನ್ನ ಕೈಯಲ್ಲಿರಲಿಲ್ಲ. ಅದು ಯಾವುದೆಂದು ಹೇಳುವುದೇ ಈ ಬರೆಹದ ಉದ್ದೇಶ.

ಪುಣೆ, ಬೆಳಗಾವಿ, ಧಾರವಾಡ, ವಿಜಾಪುರಗಳು ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲವದು. 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರ ಸಂಘವೊಂದು ಹುಟ್ಟಿತು. ಮರುವರ್ಷ ಪ್ರಾಂತದ ಸರಕಾರ ತೋಪುಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆದನು. 1855ರ ಕೊನೆಗೆ ಅವನನ್ನು ಸೈನ್ಯದ ಕೆಲಸಕ್ಕೆ ಮರಳಿ ಕರೆಸಿಕೊಂಡಾಗ ವೈದ್ಯನಾಗಿದ್ದ ಡಾ. ಪಿಗೂ ಆ ಕೆಲಸವನ್ನು ಮುಂದುವರಿಸಿದನು. ಪಿಗೂ 1858ರಲ್ಲಿ ತೀರಿಕೊಂಡನು. ಇವರಿಬ್ಬರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಸಂಪುಟಗಳಾಗಿ ಹೊರಬಂದವು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಸಂಪುಟಕ್ಕೆ ಚರಿತ್ರೆಯ ಭಾಗವನ್ನು ಬರೆದವನು ಸುರಪುರದ ಮೂಲಕ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್.

ಇವರಿಗಿಂತ ತುಸು ಮೊದಲೇ, 1854ರ ಡಿಸೆಂಬರಿನಲ್ಲಿ, ಮದರಾಸು ಸೈನ್ಯದ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳಿಗೆ ಹೋಗಿ ಬಂದಿದ್ದನು. ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಹಾಳುಬಿದ್ದ ಮಂಟಪಗಳ ಮುಂದೆ ತನ್ನ ಪೆಟ್ಟಿಗೆ ಕ್ಯಾಮೆರಾವನ್ನು ನಿಲ್ಲಿಸಿದನು. ಈ ಎಲ್ಲರೂ ಬಳಸಿದ್ದು ಕಾಗದದ ನೆಗೆಟಿವ್. ಗಾಜು ಬಂದಿರಲಿಲ್ಲವೆಂದಲ್ಲ. ಗಾಜಿನ ಫಲಕದ ಒದ್ದೆ ವಿಧಾನ 1851ರಲ್ಲೇ ಇಂಗ್ಲೆಂಡಿನಲ್ಲಿ ಪ್ರಕಟವಾಗಿತ್ತು. ಆದರೆ ಆ ವಿಧಾನದಲ್ಲಿ ಗಾಜಿಗೆ ರಾಸಾಯನಿಕ ಸವರುವುದು, ಚಿತ್ರ ತೆಗೆಯುವುದು, ತೊಳೆಯುವುದು ಎಲ್ಲವೂ ಲೇಪ ಆರುವುದರೊಳಗೆ, ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಬಾದಾಮಿಯ ಬಿಸಿಲಿನಲ್ಲಿ ಆ ಕೆಲವು ನಿಮಿಷಗಳೂ ದಕ್ಕುವಂತಿರಲಿಲ್ಲ. ಅದೇ 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಮೇಣ ಹಿಡಿಸಿದ ಕಾಗದದ ವಿಧಾನವನ್ನು ಪ್ರಕಟಿಸಿದ್ದನು. ಆ ಕಾಗದವನ್ನು ದಿನಗಟ್ಟಲೆ ಮೊದಲೇ ಸಿದ್ಧಮಾಡಿ ಪೆಟ್ಟಿಗೆಯಲ್ಲಿ ಒಣದಾಗಿಯೇ ಒಯ್ಯಬಹುದು. ಚಿತ್ರ ತೆಗೆದ ಮೇಲೆ ಡೇರೆಗೆ ಮರಳಿ ನಿಧಾನವಾಗಿ ತೊಳೆಯಬಹುದು. ಗಾಜಿನಷ್ಟು ಸೂಕ್ಷ್ಮ ವಿವರ ಅದರಲ್ಲಿ ಬರುವುದಿಲ್ಲ. ಬೆಳಕಿಗೆ ನಿಮಿಷಗಟ್ಟಲೆ ಒಡ್ಡಬೇಕು. ಆದರೂ ಈ ನೆಲದ ಹವೆಗೆ ಅದು ಒಗ್ಗುತ್ತದೆಂದು ಕಂಡು ಅವರು ಹೊಸ ಬೆಡಗನ್ನು ಬದಿಗಿಟ್ಟು ಹಳೆಯ ಕಾಗದವನ್ನೇ ಆರಿಸಿಕೊಂಡರು.

ಕಾಗದಕ್ಕೂ ಅದರದೇ ದೋಷಗಳಿದ್ದವು. ಅಂದಿನ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿ ಹಸಿವು. ಆಕಾಶ ಯಾವಾಗಲೂ ಬೋಳಾಗಿ, ಕಲೆಕಲೆಯಾಗಿ ಬರುತ್ತಿತ್ತು. ಗಿಡದ ಹಸುರು ಕಪ್ಪು ಮುದ್ದೆಯಾಗುತ್ತಿತ್ತು. ಟ್ರೈಪ್ ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾದದ್ದು. ನೆಗೆಟಿವಿನ ಮೇಲೆ ತಾನೇ ಕುಂಚದಿಂದ ಬಣ್ಣ ಸವರಿ ಆಕಾಶಕ್ಕೆ ಮೋಡಗಳನ್ನು ತಂದನು, ಎಲೆಗಳ ಗೊಂಚಲಿಗೆ ಬೆಳಕು ಕೊಟ್ಟನು. ಅವನ ಚಿತ್ರಗಳ ಮೋಡಗಳನ್ನು ನೋಡುವಾಗ ನಾವು ನೋಡುವುದು ಒಂದು ಯಂತ್ರದ ಕುಂದನ್ನು ಮನುಷ್ಯನ ಕೈ ತುಂಬಿಕೊಟ್ಟದ್ದನ್ನು. ಗ್ರೀನ್‌ಲಾನ ನೆಗೆಟಿವ್‌ಗಳ ಅಳತೆ ಸುಮಾರು 16 ಅಂಗುಲಕ್ಕೆ 18 ಅಂಗುಲ. ಆ ಮೇಣಗಾಗದಗಳು ನೂರಕ್ಕೂ ಹೆಚ್ಚು ವರ್ಷ ಉಳಿದುಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವುಗಳನ್ನು ಹಿಡಿದು, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಹಂಪೆಯನ್ನು ಮತ್ತೊಮ್ಮೆ ಚಿತ್ರಿಸಿದರು. ಯಾವ ಕಂಬ ಇತ್ತು, ಯಾವುದು ಬಿತ್ತು, ಯಾವುದನ್ನು ಆಮೇಲೆ ನಿಲ್ಲಿಸಿದರು ಎಂಬುದಕ್ಕೆ ಈ ಎರಡು ಚಿತ್ರಮಾಲೆಗಳೂ ಇಂದು ಸಾಕ್ಷಿ.

ಶಾಸನಗಳ ವಿಷಯಕ್ಕೆ ಬಂದರೆ ಕ್ಯಾಮೆರಾದೊಡನೆ ಕನ್ನಡದ ನಂಟು ಇನ್ನೂ ಹತ್ತಿರದ್ದು. 1865ರ ಸುಮಾರಿಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆದನು. ಅವುಗಳನ್ನು ಓದಿ ಅನುವಾದಿಸುವ ಹೊಣೆ ಬಿ. ಎಲ್. ರೈಸ್ ಅವರ ಪಾಲಿಗೆ ಬಂತು. 1879ರಲ್ಲಿ ಪ್ರಕಟವಾದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಅದರ ಫಲ. ಅದಕ್ಕೆ ಒಂದು ವರ್ಷ ಮೊದಲು, 1878ರಲ್ಲಿ, ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿ ಜೆ. ಎಫ್. ಫ್ಲೀಟ್ ಅವರ ಪಾಳಿ, ಸಂಸ್ಕೃತ, ಹಳಗನ್ನಡ ಶಾಸನಗಳ ಚಿತ್ರಸಂಪುಟ ಬಂದಿತ್ತು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರಬರುವುದಕ್ಕೆ, ಅಂದರೆ 1886ಕ್ಕೆ, ಎಷ್ಟೋ ಮೊದಲೇ ಕನ್ನಡ ಶಾಸನ ವಿದ್ವಾಂಸರ ಮೇಜಿಗೆ ಬಂದದ್ದು ಕಲ್ಲಲ್ಲ, ಕಲ್ಲಿನ ಛಾಯಾಚಿತ್ರ.

ಆದರೆ ಶಾಸನದ ಮುಂದೆ ಕ್ಯಾಮೆರಾ ತನ್ನ ಮಿತಿಯನ್ನು ಬೇಗ ತೋರಿಸಿಕೊಟ್ಟಿತು. ನೆರಳಿನಲ್ಲಿ ನಿಂತ ಕಲ್ಲು, ಸವೆದ ಅಕ್ಷರ, ಕಂಬದ ದುಂಡು ಮೈ ಇವಾವುವನ್ನೂ ಅದು ಸರಿಯಾಗಿ ಹಿಡಿದುಕೊಡಲಾರದು. ಶಾಸನ ಶೋಧಕರು ಇದಕ್ಕಾಗಿ ಕ್ಯಾಮೆರಾವನ್ನು ಬೈಯುತ್ತ ಕೂರಲಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ಬಡಿದು, ಮಸಿಯ ಗಾದಿ ಒತ್ತಿ ಅಚ್ಚು ತೆಗೆಯುವ ಕ್ರಮವನ್ನು ರೂಢಿಸಿಕೊಂಡರು. ಅಕ್ಷರ ಬಿಳಿಯಾಗಿ, ಹಿನ್ನೆಲೆ ಕಪ್ಪಾಗಿ ಬರುವ ಆ ಪಡಿಯಚ್ಚೇ ಶಾಸನಶಾಸ್ತ್ರದ ಆಧಾರವಾಗಿ ಉಳಿಯಿತು. ದೋಷ ಎಲ್ಲಿದೆಯೆಂದು ಅವರಿಗೆ ಕಣ್ಣಿಗೆ ಕಾಣುತ್ತಿತ್ತು. ಕಂಡದ್ದರಿಂದ ದಾರಿಯೂ ಹೊಳೆಯುತ್ತಿತ್ತು.

ಇಪ್ಪತ್ತನೆಯ ಶತಮಾನದ ರೀಲಿನ ಕ್ಯಾಮೆರಾಗಳ ಕಾಲದಲ್ಲೂ ಈ ಸ್ಥಿತಿ ಬಹುಮಟ್ಟಿಗೆ ಹಾಗೆಯೇ ಇತ್ತು. 1991ರ ಉದಾರೀಕರಣಕ್ಕೆ ಮುಂಚೆ ವಿದೇಶೀ ಕ್ಯಾಮೆರಾ ಬರುವುದು ಸುಲಭವಿರಲಿಲ್ಲ. ಮಧ್ಯಮ ವರ್ಗದ ಮನೆಗಳಲ್ಲಿದ್ದದ್ದು ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಕಪ್ಪು-ಬಿಳುಪಿನ ‘ಇಂದು’ ಫಿಲ್ಮು ಬರುತ್ತಿದ್ದದ್ದು 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ. ಪರದೇಶದಲ್ಲಿದ್ದ ನಂಟರೊಬ್ಬರು ತಂದುಕೊಟ್ಟ ಕ್ಯಾಮೆರಾ ಮನೆಯ ಆಸ್ತಿಯಾಗುತ್ತಿತ್ತು. ಕೆಟ್ಟರೆ ಬಿಸಾಡುವ ಪ್ರಶ್ನೆಯೇ ಇಲ್ಲ. ಈ ಕೊರತೆಯೇ ಊರೂರಲ್ಲಿ ದುರಸ್ತಿಗಾರರನ್ನು ಬೆಳೆಸಿತು.

ಪುಣೆಯ ಬುಧವಾರ ಪೇಠೆಯ ಹಳೆಯ ವಾಡೆಯೊಂದರ ಮಹಡಿಯಲ್ಲಿ ಅಂಥ ಒಬ್ಬರಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಕಿಟಕಿಯ ಬಳಿ ಒಂದು ಮೇಜು, ಗಡಿಯಾರ ರಿಪೇರಿಯವರ ಭೂತಗನ್ನಡಿ, ಹಳೆಯ ಔಷಧದ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂ-ಸ್ಪ್ರಿಂಗುಗಳು. ಪುಣೆಯ ಮಳೆಗಾಲದಲ್ಲಿ ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಜೂನ್ ನಡುವಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ಆಡುವ ತೇವ ಮಸೂರದೊಳಗೆ ಬೂಷ್ಟು ಬೆಳೆಸುತ್ತದೆ. ಗಾಜಿನ ಮೇಲೆ ಜೇಡರ ಬಲೆಯಂತೆ ಕಾಣುವ ಆ ಬೂಷ್ಟು ಬಿಟ್ಟರೆ ಮಸೂರದ ಲೇಪವನ್ನೇ ತಿಂದುಬಿಡುತ್ತದೆ. ಕಾಕಾ ಮಸೂರವನ್ನು ಬೆಳಕಿಗೆ ಹಿಡಿದು, “ನೋಡಿ, ಇಲ್ಲಿದೆ ನಿಮ್ಮ ರೋಗ” ಎಂದು ನನಗೂ ತೋರಿಸುತ್ತಿದ್ದರು. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೊಡುವಾಗ, ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿಡಿ, ಸಿಲಿಕಾ ಜೆಲ್ ಪೊಟ್ಟಣವನ್ನು ಬಾಣಲೆಯಲ್ಲಿ ಬಿಸಿಮಾಡಿ ಮತ್ತೆ ಬಳಸಿ, ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ ಎಂದು ಉಪದೇಶವನ್ನೂ ಮಾಡುತ್ತಿದ್ದರು. ನನ್ನ ಕ್ಯಾಮೆರಾ ಎರಡು ಸಲ ಅವರ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗಿದ್ದನ್ನು ನಾನೇ ಕಂಡಿದ್ದೇನೆ. ಅದರ ಮೇಲಿನ ನನ್ನ ಪ್ರೀತಿಗೆ ಆ ನೋಟವೂ ಒಂದು ಕಾರಣವೆಂದು ಈಗ ಅನ್ನಿಸುತ್ತದೆ. ಒಳಗು ಕಂಡ ವಸ್ತುವಿನ ಮೇಲೆ ಮೂಡುವ ಸಲಿಗೆ ಬೇರೆ.

ಛಾಯಾಗ್ರಾಹಕರು ಒಂದೇ ಕಂಪನಿಗೆ ಅಂಟಿಕೊಳ್ಳುವುದನ್ನು ಹೊರಗಿನವರು ಹುಚ್ಚು ಎಂದುಕೊಳ್ಳಬಹುದು. ಅದರ ಬೇರು ಭಾವನೆಯಲ್ಲಿ ಮಾತ್ರವಿಲ್ಲ, ಲೋಹದಲ್ಲೂ ಇದೆ. ಒಂದು ಕಂಪನಿಯ ಮಸೂರ ಇನ್ನೊಂದರ ಕ್ಯಾಮೆರಾದ ಬಾಯಿಗೆ ಕೂರುವುದಿಲ್ಲ. ನಿಕಾನ್ 1959ರಲ್ಲಿ ರೂಪಿಸಿದ ಮಸೂರದ ಬಳೆಯನ್ನು ದಶಕಗಳ ಕಾಲ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ತನ್ನ ಬಳೆಯನ್ನೇ ಬದಲಿಸಿದಾಗ ಹಳೆಯ ಮಸೂರಗಳನ್ನು ಕೂಡಿಟ್ಟುಕೊಂಡವರು ದಿಕ್ಕುಗೆಟ್ಟರು. ಕೊನಿಕಾ ಮಿನೋಲ್ಟಾ 2006ರ ಜನವರಿಯಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಸಾರಿತು. ಅದರ ಬಳಕೆದಾರರು ಒಂದೇ ದಿನದಲ್ಲಿ ತಬ್ಬಲಿಗಳಾದರು. ಹೀಗೆ ಒಂದೊಂದೇ ಮಸೂರವನ್ನು ಹತ್ತಾರು ವರ್ಷಗಳಲ್ಲಿ ಕೊಂಡವರು ಡಿಜಿಟಲ್ ಕಾಲಕ್ಕೆ ದಾಟುವಾಗ ತಮ್ಮ ಮಸೂರಗಳಿಗೆ ಹೊಂದುವ ಕ್ಯಾಮೆರಾವನ್ನೇ ಆರಿಸಬೇಕಾಯಿತು. ನಾನೂ ಹಾಗೆಯೇ ದಾಟಿದೆ.

ಡಿಜಿಟಲ್ ಕ್ಯಾಮೆರಾದ ಹುಟ್ಟು ಅಷ್ಟು ಹೊಸದಲ್ಲ. ಬೆಳಕನ್ನು ವಿದ್ಯುತ್ತಾಗಿಸಿ ಕೂಡಿಡುವ ಸಿಸಿಡಿ ಎಂಬ ಸಂವೇದಕದ ಕಲ್ಪನೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ ಹೊಳೆಯಿತು. 2009ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಬಂತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಕ್ಯಾಮೆರಾ ಬರೀ ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 2003-04ರ ಹೊತ್ತಿಗೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಸಾಮಾನ್ಯ ಹವ್ಯಾಸಿಗಳ ಕೈಗೆಟುಕತೊಡಗಿತು. ಅದರ ಬೆನ್ನಿಗೇ ದೋಷಗಳ ಕತೆಯೂ ಬಂತು.

2005ರ ಅಕ್ಟೋಬರಿನಲ್ಲಿ ಛಾಯಾಗ್ರಹಣದ ಲೋಕ ಒಂದು ವಿಚಿತ್ರವನ್ನು ಕಂಡಿತು. ಪರಸ್ಪರ ಸ್ಪರ್ಧಿಗಳಾದ ಅನೇಕ ಜಪಾನಿ ಕಂಪನಿಗಳು ಕೆಲವೇ ವಾರಗಳಲ್ಲಿ ಒಂದೇ ಬಗೆಯ ಎಚ್ಚರಿಕೆಯನ್ನು ಹೊರಡಿಸಿದವು: ತಮ್ಮ ಕೆಲವು ಕ್ಯಾಮೆರಾಗಳಲ್ಲಿ ಚಿತ್ರ ವಿಕಾರವಾಗಬಹುದು, ಇಲ್ಲವೇ ಏನೂ ಮೂಡದೆ ಹೋಗಬಹುದು, ದುರಸ್ತಿ ಉಚಿತ. ಹೊರಮೈಯ ಹೆಸರು ಬೇರೆಬೇರೆಯಾದರೂ ಒಳಗಿನ ಸಂವೇದಕ ಸೋನಿ ತಯಾರಿಸಿದ ಸಿಸಿಡಿಯೇ ಆಗಿತ್ತು. 2002 ಮತ್ತು 2004ರ ನಡುವೆ ತಯಾರಾದ ಆ ಸಂವೇದಕಗಳ ಒಳಗೆ ಕೂದಲಿಗಿಂತ ತೆಳುವಾದ ತಂತಿಗಳ ಜೋಡಣೆ ಸಡಿಲವಾಗುತ್ತಿತ್ತು. ಬಿಸಿಯೂ ತೇವವೂ ಹೆಚ್ಚಿದ ವಾತಾವರಣದಲ್ಲಿ ಈ ದೋಷ ಬೇಗ ತಲೆದೋರುತ್ತಿತ್ತು. ನಮ್ಮ ಮಟ್ಟಿಗೆ ಅದರ ಅರ್ಥ ಸ್ಪಷ್ಟ: ತಂಪು ಪ್ರದೇಶದಲ್ಲಿ ಬದುಕಿಕೊಳ್ಳಬಹುದಾದ ಕ್ಯಾಮೆರಾ ಮಂಗಳೂರಿನಲ್ಲೋ ಮುಂಬಯಿಯಲ್ಲೋ ಮೊದಲು ಸಾಯುತ್ತದೆ. ಬಿಗ್ಸ್, ಪಿಗೂಗಳನ್ನು ಕಾಡಿದ್ದ ಹವೆಯೇ ನೂರೈವತ್ತು ವರ್ಷಗಳ ನಂತರ ತಂತಿಯ ತುದಿಯಲ್ಲಿ ಬಂದು ಕೂತಿತ್ತು. ಕಂಪನಿಯನ್ನು ನಂಬಿ ಕೊಂಡವರಿಗೆ ಇನ್ನೊಂದು ಪಾಠವೂ ಆಯಿತು. ಯಾವ ಹೆಸರಿಗೆ ನಿಷ್ಠೆ ತೋರಿದ್ದರೋ ಆ ಹೆಸರು ಹೊರಗಿನ ಕವಚದ್ದು, ಕಣ್ಣು ಬೇರೆಯವರದು.

ನಿಷ್ಠೆಗೆ ಹೆಸರಾದ ಬಳಗವೆಂದರೆ ಲೈಕಾ ಬಳಕೆದಾರರದು. 2009ರ ಸೆಪ್ಟೆಂಬರಿನಲ್ಲಿ ಬಂದ ಲೈಕಾ ಎಂ9, ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸಂವೇದಕವಿದ್ದ ಕ್ಯಾಮೆರಾ. ದಶಕಗಳಷ್ಟು ಹಳೆಯ ಮಸೂರಗಳನ್ನು ಅದಕ್ಕೆ ಜೋಡಿಸಬಹುದಿತ್ತು. ಕೆಲವು ವರ್ಷ ಕಳೆದ ಮೇಲೆ ಚಿತ್ರಗಳ ಮೇಲೆ ಒರೆಸಿದರೂ ಹೋಗದ ಕಲೆಗಳು ಕಾಣತೊಡಗಿದವು. ಸಂವೇದಕದ ಮೇಲೆ ಹೊದಿಸಿದ್ದ ತೆಳುಗಾಜು ತೇವಕ್ಕೆ ಸವೆಯುತ್ತಿತ್ತು. 2014ರಲ್ಲಿ ಕಂಪನಿ ಇದನ್ನು ಒಪ್ಪಿಕೊಂಡು ಸಂವೇದಕವನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಮುಂದೆ ಆ ಔದಾರ್ಯಕ್ಕೆ ಮಿತಿ ಬಂತು; ಕೊನೆಗೆ ಬದಲಿ ಸಂವೇದಕಗಳೇ ಮುಗಿದವು. ಅದೇ ಕಂಪನಿಯ 1950ರ ದಶಕದ ರೀಲಿನ ಕ್ಯಾಮೆರಾಗಳು ಮಾತ್ರ ಇಂದಿಗೂ ದುರಸ್ತಿಯಾಗಿ ನಡೆಯುತ್ತಿವೆ.

ನನ್ನ ಕ್ಯಾಮೆರಾ ಇಂಥ ಯಾವ ಪಟ್ಟಿಯಲ್ಲೂ ಇರಲಿಲ್ಲ. ಸೊಲ್ಲಾಪುರದಿಂದ ಮರಳಿದವನು ಅದನ್ನು ಅಧಿಕೃತ ಸೇವಾಕೇಂದ್ರಕ್ಕೆ ಒಯ್ದೆ. ಮೂರು ವಾರಗಳ ನಂತರ ಒಂದು ಚೀಟಿಯೊಡನೆ ಅದು ಮರಳಿತು: ಪರೀಕ್ಷೆಯಲ್ಲಿ ಯಾವ ದೋಷವೂ ಕಂಡುಬರಲಿಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಅದಕ್ಕೆ ಮುನಿಸಿಕೊಳ್ಳಲು ಕಾರಣವೇ ಇರಲಿಲ್ಲ. ಮತ್ತೆ ಒಯ್ದೆ. ಮುಖ್ಯ ಬೋರ್ಡು ಬದಲಿಸಬೇಕು, ಖರ್ಚು ಹೊಸ ಕ್ಯಾಮೆರಾದ ಬೆಲೆಯ ಹತ್ತಿರ ಬರುತ್ತದೆ ಎಂದರು. ಬೋರ್ಡಿಗೆ ಏನಾಗಿದೆ ಎಂದು ಕೇಳಿದೆ. ಅದನ್ನು ಬಿಚ್ಚುವುದಿಲ್ಲ, ಬದಲಿಸುತ್ತೇವೆ ಅಷ್ಟೆ ಎಂಬ ಉತ್ತರ ಬಂತು. ಹೇಳಿದ ಹುಡುಗನ ತಪ್ಪೇನಿಲ್ಲ. ಅವನಿಗೂ ಅದರ ಒಳಗು ಗೊತ್ತಿರಲಿಲ್ಲ.

ಕೊನೆಗೆ ಬುಧವಾರ ಪೇಠೆಯ ಮಹಡಿಯನ್ನೇ ಹತ್ತಿದೆ. ಕಾಕಾ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ತೂಗಿದರು, ಕಿವಿಯ ಬಳಿ ಇಟ್ಟು ಶಟರಿನ ಸದ್ದು ಕೇಳಿದರು. “ಇದರ ಮೈ ಚೆನ್ನಾಗಿದೆ. ಕೆಟ್ಟಿರುವುದು ಬುದ್ಧಿ. ಬುದ್ಧಿ ಬಿಚ್ಚುವ ಸ್ಕ್ರೂಡ್ರೈವರ್ ನನ್ನ ಬಳಿ ಇಲ್ಲ” ಎಂದರು. ಚಹಾ ತರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲಿನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಆ ಮಾತಿನಲ್ಲಿತ್ತು. ಹಿಂದಿನವರ ಕೈಯಲ್ಲಿದ್ದು ನನ್ನ ಕೈಯಲ್ಲಿಲ್ಲದ ವಸ್ತುವೆಂದರೆ ದೋಷದ ಅರಿವು. ಹಳೆಯ ಕ್ಯಾಮೆರಾಗಳು ನಿರ್ದೋಷಿಗಳೇನಲ್ಲ. ಇಂದಿನ ಅತಿ ಅಗ್ಗದ ಕ್ಯಾಮೆರಾ ಕೂಡ ಟ್ರೈಪನ ಪೆಟ್ಟಿಗೆಗಿಂತ ಸಾವಿರ ಪಾಲು ಮೇಲು. ಆದರೆ ಟ್ರೈಪನಿಗೆ ಆಕಾಶ ಯಾಕೆ ಬೋಳಾಯಿತೆಂದು ಗೊತ್ತಿತ್ತು, ಆದ್ದರಿಂದ ಕುಂಚ ಎತ್ತಿಕೊಂಡನು. ಶಾಸನ ಶೋಧಕರಿಗೆ ಅಕ್ಷರ ಯಾಕೆ ಮೂಡಲಿಲ್ಲವೆಂದು ಗೊತ್ತಿತ್ತು, ಮಸಿಯ ಗಾದಿ ಎತ್ತಿಕೊಂಡರು. ನಮಗೆ ಬೂಷ್ಟು ಕಾಣುತ್ತಿತ್ತು, ಬೀರುವಿನಲ್ಲಿ ಬಲ್ಬು ಉರಿಸಿದೆವು. ಡಿಜಿಟಲ್ ಕ್ಯಾಮೆರಾ ಕೆಟ್ಟಾಗ ಮಾಡಲು ಉಳಿಯುವುದು ಎರಡೇ: ಕಾಯುವುದು, ಇಲ್ಲವೇ ಹೊಸದು ಕೊಳ್ಳುವುದು. ನಿಷ್ಠೆಯಿಂದ ಬಳಸುವವರ ಹತಾಶೆ ಹುಟ್ಟುವುದು ಇಲ್ಲಿಯೇ. ಕೆಡುಕನ್ನಾದರೂ ಸಹಿಸಬಹುದು, ಏನು ಕೆಟ್ಟಿದೆಯೆಂದು ತಿಳಿಯದಿರುವುದನ್ನು ಸಹಿಸುವುದು ಕಷ್ಟ.

ಆ ಕ್ಯಾಮೆರಾವನ್ನು ನಾನು ಮಾರಲಿಲ್ಲ. ಚಳಿಗಾಲದ ಒಣ ದಿನಗಳಲ್ಲಿ ಈಗಲೂ ಹೊರಗೆ ತೆಗೆಯುತ್ತೇನೆ. ಮಳೆಗಾಲದಲ್ಲಿ ಅದಕ್ಕೆ ರಜೆ. ಶಾಸನ ನೋಡಲು ಹೋದಾಗ ಮೊದಲು ಕಲ್ಲಿನ ಮುಂದೆ ಕೂತು ಕಣ್ಣಿಗೆ ಸಿಕ್ಕಷ್ಟನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಕ್ಯಾಮೆರಾ ಆಮೇಲೆ. ಈ ಅಭ್ಯಾಸದ ಬೆಲೆ ನನಗೆ ತಿಳಿದದ್ದು ಅದೇ ಕಲ್ಲಿನಿಂದ. ಆ ಜುಲೈ ಮುಂಜಾನೆ, ಮೋಡ ಸರಿಯಲೆಂದು ಕಾಯುತ್ತ ಕೂತಿದ್ದಾಗ, ಹೊತ್ತು ಕಳೆಯಲೆಂದು ಶಾಸನದ ಮೊದಲ ಎರಡೂವರೆ ಸಾಲುಗಳನ್ನು ಪೆನ್ಸಿಲಿನಿಂದ ಬಸ್ಸಿನ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ನಲವತ್ತು ಚಿತ್ರಗಳು ಹೋದವು. ಆ ಚೀಟಿ ಉಳಿದಿದೆ. ಉಳಿದ ಸಾಲುಗಳು ಎಣ್ಣೆಬಣ್ಣದ ಕೆಳಗೆ ಇನ್ನೂ ಇವೆ; ಬಣ್ಣ ತೆಗೆಯುವುದು ಹೇಗೆಂದು ಬಲ್ಲವರು ಒಂದು ದಿನ ಅಲ್ಲಿಗೆ ಹೋದರೆ ಅವು ಮತ್ತೆ ಓದಲು ಸಿಗಬಹುದು.